ಮುಗಿಲನ್ನೂ ಮಾರಿಕೊಂಡರು!

ನೆಲ ಮಾರಿದವರನ್ನು ನಾವು ಕಂಡಿದ್ದೇವೆ. ಕೆರೆಯಂಗಳ ಮಾರಿದವರನ್ನು, ಗೋಮಾಳ ನುಂಗಿದವರನ್ನು ಕಂಡಿದ್ದೇವೆ. ಆದರೆ ಒಂದು ಕಟ್ಟಡದ ತಲೆಯ ಮೇಲಿರುವ ಬರಿಯ ಮುಗಿಲನ್ನು ಅಳೆದು, ಅದಕ್ಕೆ ಬೆಲೆ ಕಟ್ಟಿ, ಗಿರಾಕಿ ಹುಡುಕಿ ಮಾರಿಕೊಂಡವರು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿದ್ದರು. ಆ ಮುಗಿಲಿಗೆ ಅಡ್ಡವಾಗಿ ನಿಂತಿತ್ತೆಂಬ ಒಂದೇ ಅಪರಾಧಕ್ಕಾಗಿ ಜಗತ್ತಿನ ಅತಿ ಭವ್ಯವಾದ ರೈಲು ನಿಲ್ದಾಣಗಳಲ್ಲೊಂದನ್ನು ನೆಲಸಮ ಮಾಡಿದರು. ಅದರ ಹೆಸರು ಪೆನ್ಸಿಲ್ವೇನಿಯಾ ಸ್ಟೇಶನ್. ೧೯೬೩ರ ಅಕ್ಟೋಬರ್ ೨೮ರ ಬೆಳಿಗ್ಗೆ, ಸುರಿಯುವ ಮಳೆಯಲ್ಲಿ, ಅದರ ನೆತ್ತಿಯ ಮೇಲಿದ್ದ ಕಲ್ಲಿನ ಹದ್ದುಗಳನ್ನು ಇಳಿಸುವುದರೊಂದಿಗೆ ಆ ಕೆಲಸ ಆರಂಭವಾಯಿತು. ಮುಗಿಯಲು ಮೂರು ವರ್ಷ ಹಿಡಿಯಿತು.

"ನ್ಯೂಯಾರ್ಕಿನ ಸ್ಟೇಶನ್ ಬಿದ್ದರೆ ನಮಗೇನು ಸ್ವಾಮಿ? ನಮ್ಮ ಪಾಳಿ ತಪ್ಪೀತೆ? ನಮ್ಮ ಅಂಗಡಿಯ ಬಾಡಿಗೆ ಇಳಿದೀತೆ?" ಎಂದು ಗಿರಣಿಯ ಗೆಳೆಯರೂ ಪೇಟೆಯ ಗೆಳೆಯರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಲೆಂದೇ ಈ ಲೇಖನ. ಅಲ್ಲಿ ಆದದ್ದು ಒಂದು ಕಟ್ಟಡದ ಕತೆ ಮಾತ್ರವಲ್ಲ. ಹತ್ತು ಮಂದಿಯ ಸೊತ್ತನ್ನು ಒಬ್ಬನ ಲಾಭಕ್ಕೆ ಒಪ್ಪಿಸಿ, ಅದಕ್ಕೆ 'ಅಭಿವೃದ್ಧಿ' ಎಂದು ಹೆಸರಿಡುವ ವಿದ್ಯೆಯ ಕತೆ ಅದು. ಆ ವಿದ್ಯೆಗೆ ದೇಶದ ಗಡಿ ಇಲ್ಲ.

ಯಾರ ಬೆವರಿನ ಅರಮನೆ?

ಮೊದಲು ಆ ಸ್ಟೇಶನ್ ಎಂಥದಿತ್ತೆಂಬುದನ್ನು ತಿಳಿಯಬೇಕು. ಪೆನ್ಸಿಲ್ವೇನಿಯಾ ರೈಲು ಕಂಪನಿ ಅಂದು ಅಮೆರಿಕದ ಅತಿ ದೊಡ್ಡ ಕಂಪನಿಗಳಲ್ಲೊಂದು. ಆದರೂ ಅದರ ಗಾಡಿಗಳು ನ್ಯೂಯಾರ್ಕಿನೊಳಗೆ ಬರುತ್ತಿರಲಿಲ್ಲ. ನಡುವೆ ಹಡ್ಸನ್ ನದಿ ಇತ್ತು. ಪ್ರಯಾಣಿಕರು ಆಚೆ ದಡದ ಜರ್ಸಿ ಸಿಟಿಯಲ್ಲಿಳಿದು, ಗಂಟುಮೂಟೆ ಹೊತ್ತು ದೋಣಿ ಹತ್ತಬೇಕಾಗಿತ್ತು. ಆ ನದಿಯ ತಳದಲ್ಲಿ ಸುರಂಗ ತೋಡಿ, ನಗರದ ನಡುವೆ ಎಂಟು ಎಕರೆಯಷ್ಟು ಜಾಗದಲ್ಲಿ ಕಂಪನಿ ತನ್ನ ಸ್ಟೇಶನ್ನನ್ನು ಎಬ್ಬಿಸಿತು. ಅದು ೧೯೧೦ರಲ್ಲಿ ತೆರೆಯಿತು. ಸುರಂಗವೂ ಸೇರಿ ತಗುಲಿದ ವೆಚ್ಚ ಹನ್ನೊಂದು ಕೋಟಿ ಡಾಲರಿಗೂ ಮೀರಿತ್ತು.

ಬೀದಿಯ ಮಗ್ಗುಲಿಗೆ ಸಾಲುಸಾಲು ಕಲ್ಲುಕಂಬ, ಒಟ್ಟು ೮೪. ಒಳಗೆ ಪುರಾತನ ರೋಮಿನ ಸ್ನಾನಮಂದಿರದ ಮಾದರಿಯಲ್ಲಿ ಕಟ್ಟಿದ ನಡುಮನೆ. ಅದರ ಮಾಳಿಗೆ ನೆಲದಿಂದ ೧೫೦ ಅಡಿ ಎತ್ತರ. ಅದನ್ನು ದಾಟಿದರೆ ಉಕ್ಕು ಗಾಜುಗಳ ಮಾಡು. ಅದರಿಂದ ಬಿಸಿಲು ನೇರವಾಗಿ ಕೆಳಕ್ಕೆ ಇಳಿಯುತ್ತಿತ್ತು. ಒಳಬರುವ ದಾರಿಯ ಎರಡು ಬದಿಗೆ ಅಂಗಡಿಸಾಲು. ಪಕ್ಕದಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು, ಕುಳಿತು ಕಾಯುವ ಕೋಣೆ.

ಹಾಗೆಂದು ಆ ಕಂಪನಿಯ ಧಣಿಗಳು ಧರ್ಮಾತ್ಮರೆಂದು ಯಾರೂ ಭ್ರಮಿಸುವುದು ಬೇಡ. ಜಾಗಕ್ಕಾಗಿ ಅವರು ಸುಮಾರು ಐನೂರು ಕಟ್ಟಡಗಳನ್ನು ಕೆಡವಿದರು. ಅಲ್ಲಿದ್ದವರು ಬಡವರು, ಅವರಲ್ಲಿ ಬಹಳ ಮಂದಿ ಕರಿಯರು. ಅವರೆಲ್ಲ ಚೆದುರಿಹೋದರು. ನದಿಯ ತಳದ ಸುರಂಗಗಳಲ್ಲಿ ಗಾಳಿಯನ್ನು ಒತ್ತಿ ತುಂಬಿ ನೀರು ನುಗ್ಗದಂತೆ ತಡೆಯುತ್ತಿದ್ದರು. ಆ ಒತ್ತಡದಲ್ಲಿ ದುಡಿದವರನ್ನು ಅಲ್ಲಿ 'ಮರಳುಹಂದಿಗಳು' ಎಂದು ಕರೆಯುತ್ತಿದ್ದರು. ಮೇಲೆ ಬಂದಾಗ ಕೀಲುಕೀಲು ಹಿಡಿದು ನರಳುವ ರೋಗ ಆ ಕೂಲಿಯ ಜತೆಗೇ ಬರುತ್ತಿತ್ತು. ಕೆಲವರು ಮೇಲೆ ಬರಲೇ ಇಲ್ಲ. ಇನ್ನು ಕೆಂಪು ಟೊಪ್ಪಿಗೆಯ ಹಮಾಲರು ಇಡೀ ದೇಶದ ಸ್ಟೇಶನ್ನುಗಳಲ್ಲಿ ಬಹುಕಾಲ ಸಂಬಳವೇ ಇಲ್ಲದೆ, ಪ್ರಯಾಣಿಕರು ಕೈಯೆತ್ತಿ ಕೊಟ್ಟ ಭಕ್ಷೀಸಿನಲ್ಲೇ ಹೊಟ್ಟೆ ಹೊರೆದರು. ಅವರು ೧೯೩೭ರಲ್ಲಿ ಸಂಘ ಕಟ್ಟಿ ಹೋರಾಡಿದ ಮೇಲೆಯೇ ತಾವೂ ರೈಲ್ವೆಯ ನೌಕರರೆಂದು ಒಪ್ಪಿಸಿಕೊಂಡರು.

ಇಷ್ಟೆಲ್ಲ ಇದ್ದರೂ ಒಂದು ಮಾತು ಸತ್ಯ. ಕಟ್ಟಿಸಿದವನು ಯಾವ ಹೆಮ್ಮೆಗಾಗಿ ಕಟ್ಟಿಸಿದರೂ, ಕಟ್ಟಿ ಮುಗಿಸಿದ ಮೇಲೆ ಆ ಸ್ಟೇಶನ್ ಜನರದಾಯಿತು. ಆ ನಗರದಲ್ಲಿ ಶ್ರೀಮಂತರ ಮಹಲುಗಳು ಬೇಕಾದಷ್ಟಿದ್ದವು. ಬಾಗಿಲಲ್ಲಿ ಕಾವಲುಗಾರನೂ ಇದ್ದ. ಆದರೆ ಬೇಕಾದವರು ಒಳನಡೆದು, ತಲೆಯೆತ್ತಿ, ೧೫೦ ಅಡಿ ಮೇಲಿನ ಮಾಳಿಗೆಯನ್ನು ನೋಡಬಹುದಾದ ಮಹಲು ಈ ಸ್ಟೇಶನ್. ಮೈಕೊಳೆಯ ಕೂಲಿಯವನೂ ರೇಷ್ಮೆಯ ಟೊಪ್ಪಿಗೆಯವನೂ ಅಲ್ಲಿ ಒಂದೇ ಬಾಗಿಲಲ್ಲಿ ಬಂದರು. ೧೯೪೫ರ ಒಂದೇ ವರ್ಷದಲ್ಲಿ ಹತ್ತು ಕೋಟಿಗೂ ಹೆಚ್ಚು ಪ್ರಯಾಣಿಕರು ಅದನ್ನು ಹಾದುಹೋದರು. ಯುದ್ಧಕ್ಕೆ ಹೊರಟ ಮಕ್ಕಳನ್ನು ತಾಯಂದಿರು ಬೀಳ್ಕೊಟ್ಟದ್ದು ಆ ಮಾಡಿನ ಕೆಳಗೆ. ಇಂಥದನ್ನು ಕಂಪನಿಯ ಆಸ್ತಿ ಎನ್ನುವುದು ಕಾಗದದ ಸತ್ಯ, ಬದುಕಿನ ಸತ್ಯವಲ್ಲ.

ಕೊಳಕು ಮಾಡಿದವರೇ ಕೊಳಕೆಂದರು

ಯುದ್ಧ ಮುಗಿಯಿತು. ಜನ ಮೋಟಾರು ಹತ್ತಿದರು, ವಿಮಾನ ಹತ್ತಿದರು. ಅದು ತಾನಾಗಿ ಆದ ಬದಲಾವಣೆ ಎಂದು ಹೇಳುವವರುಂಟು. ತಾನಾಗಿ ಆಗಲಿಲ್ಲ. ೧೯೫೬ರಲ್ಲಿ ಅಮೆರಿಕದ ಸರಕಾರ ೪೧,೦೦೦ ಮೈಲು ಹೆದ್ದಾರಿಗೆ ಕಾಯದೆ ಮಾಡಿ, ವೆಚ್ಚದ ನೂರಕ್ಕೆ ತೊಂಬತ್ತು ಪಾಲನ್ನು ಕೇಂದ್ರ ಬೊಕ್ಕಸದಿಂದ ಕೊಟ್ಟಿತು. ವಿಮಾನ ನಿಲ್ದಾಣಗಳನ್ನೂ ಸಾರ್ವಜನಿಕ ಹಣದಿಂದಲೇ ಕಟ್ಟಿದರು. ರೈಲು ಮಾತ್ರ ತನ್ನ ಹಳಿ ತಾನೇ ನೋಡಿಕೊಳ್ಳಬೇಕು, ತನ್ನ ಸ್ಟೇಶನ್ನಿಗೆ ತಾನೇ ತೆರಿಗೆ ಕಟ್ಟಬೇಕು! ಒಂದೇ ಓಟದಲ್ಲಿ ಒಂದು ಕುದುರೆಗೆ ಹುರುಳಿ, ಇನ್ನೊಂದರ ಕಾಲಿಗೆ ಕಟ್ಟು. ಸೋತದ್ದು ಯಾವುದೆಂದು ಹೇಳಬೇಕೆ?

ಕಂಪನಿ ಮಾಡಿದ್ದೇನು? ಸ್ಟೇಶನ್ನನ್ನು ತೊಳೆಯುವುದನ್ನು ಬಿಟ್ಟಿತು. ಗುಲಾಬಿ ಬಣ್ಣದ ಕಲ್ಲು ಹೊಗೆ ಹಿಡಿದು ಕಪ್ಪಾಯಿತು. ಎಲ್ಲಿ ನೋಡಿದರೂ ಜಾಹೀರಾತಿನ ಫಲಕ ಎದ್ದಿತು. ನಡುಮನೆಯ ಮಧ್ಯಕ್ಕೆ ೧೯೫೬ರಲ್ಲಿ ಕಣ್ಣು ಕುಕ್ಕುವ ದೀಪಗಳ ಹೊಸ ತಿಕೀಟು ಕಟ್ಟೆಯನ್ನು ತಂದು ತುರುಕಿದರು. ಹೀಗೆ ವರ್ಷಗಟ್ಟಲೆ ಕೊಳಕು ಮಾಡಿಟ್ಟು, ಕೊನೆಗೆ "ನೋಡಿ, ಎಷ್ಟು ಕೊಳಕಾಗಿದೆ! ಇದನ್ನು ಇಟ್ಟುಕೊಳ್ಳುವುದುಂಟೆ?" ಎಂದು ಕೇಳಿದರು. ಯಂತ್ರಕ್ಕೆ ಎಣ್ಣೆ ಬಿಡದೆ, ಬಿಡಿಭಾಗ ತರಿಸದೆ, ಕೊನೆಗೆ "ಗಿರಣಿ ನಷ್ಟದಲ್ಲಿದೆ" ಎಂದು ಬೀಗ ಜಡಿಯುವ ಮಾಲೀಕರನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮುಗಿಲಿನ ವ್ಯಾಪಾರ

ಅಷ್ಟರಲ್ಲಿ ಕಂಪನಿಯ ಲೆಕ್ಕಿಗರಿಗೆ ಒಂದು ಜ್ಞಾನೋದಯವಾಯಿತು. ರೈಲು ಓಡುವುದು ನೆಲದ ಕೆಳಗೆ. ಹಾಗಾದರೆ ನೆಲದ ಮೇಲಿನ ಜಾಗವೇಕೆ ದಂಡ? ಸ್ಟೇಶನ್ ನಿಂತ ಜಾಗದ ಮೇಲಿನ ಬಯಲಿಗೂ ಅಲ್ಲಿನ ಕಾನೂನಿನಲ್ಲಿ ಹಕ್ಕುಂಟು. ಅದನ್ನು ಮಾರಬಹುದು, ಗುತ್ತಿಗೆ ಕೊಡಬಹುದು. ೧೯೬೨ರಲ್ಲಿ ಒಪ್ಪಂದ ಜಾಹೀರಾಯಿತು. ಸ್ಟೇಶನ್ನನ್ನು ಕೆಡವಿ ಆ ಜಾಗದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಕ್ರೀಡಾ ಮಂದಿರವನ್ನೂ ಕಚೇರಿಗಳ ಗೋಪುರವನ್ನೂ ಎಬ್ಬಿಸುವುದು. ಬದಲಿಗೆ ಕಂಪನಿಗೆ ನೆಲದಡಿಯಲ್ಲಿ ಒಂದು ಚಿಕ್ಕ ಸ್ಟೇಶನ್ ಬಿಟ್ಟಿ, ಜತೆಗೆ ಮೇಲಿನ ಉದ್ಯಮದಲ್ಲಿ ನಾಲ್ಕರಲ್ಲೊಂದು ಪಾಲು!

ಜನ ಸುಮ್ಮನಿದ್ದರೆಂದಲ್ಲ. ೧೯೬೨ರ ಆಗಸ್ಟ್ ೨ರಂದು ಸುಮಾರು ಇನ್ನೂರು ಮಂದಿ ಫಲಕ ಹಿಡಿದು ಸ್ಟೇಶನ್ನಿನ ಮುಂದೆ ಮೆರವಣಿಗೆ ನಡೆಸಿದರು. ಅವರಲ್ಲಿ ಶಿಲ್ಪಿಗಳಿದ್ದರು, ಲೇಖಕರಿದ್ದರು; ನಗರದ ಬೀದಿಬದುಕಿನ ಬಗ್ಗೆ ಬರೆದು ಹೆಸರಾದ ಜೇನ್ ಜೇಕಬ್ಸ್ ಇದ್ದರು. ಕೋಟಿಗಟ್ಟಲೆ ಜನ ತುಳಿದ ಸ್ಟೇಶನ್ನಿಗೆ ಇನ್ನೂರು ಜನ! ವಿದ್ಯಾವಂತರು ಕೂಗಿದರು; ದುಡಿಯುವವರು ಗಾಡಿ ಹಿಡಿಯುವ ಅವಸರದಲ್ಲಿ ಬದಿಯಿಂದ ಹಾದುಹೋದರು. ಎರಡು ಕೈ ಕೂಡದೆ ಚಪ್ಪಾಳೆಯಾಗದು.

ಕಾನೂನಿನ ವಿನೋದವನ್ನೂ ನೋಡಿ. ವಿಷಯ ನಗರ ಯೋಜನಾ ಮಂಡಳಿಯ ಮುಂದೆ ಹೋಯಿತು. ಆದರೆ ಹಳೆಯ ಸ್ಟೇಶನ್ ಉಳಿಯಬೇಕೋ ಬೇಡವೋ ಎಂದು ಕೇಳುವ ಅಧಿಕಾರವೇ ಮಂಡಳಿಗೆ ಇರಲಿಲ್ಲ! ಅಷ್ಟು ದೊಡ್ಡ ಕ್ರೀಡಾ ಮಂದಿರಕ್ಕೆ ಅಲ್ಲಿ ಅನುಮತಿ ಕೊಡಬಹುದೇ ಎಂಬುದೊಂದನ್ನೇ ಅದು ವಿಚಾರಿಸಬಹುದಾಗಿತ್ತು. ಬರುವವನ ರುಜುವಾತು ನೋಡಿದರು. ಸಾಯುವವನ ಮಾತನ್ನು ಕೇಳಲಿಲ್ಲ. ಅನುಮತಿ ಸಿಕ್ಕಿತು. ಕಂಬಗಳನ್ನು ಉರುಳಿಸಿ, ಒಡೆದು, ಲಾರಿಯಲ್ಲಿ ಹೇರಿ, ನ್ಯೂಜರ್ಸಿಯ ಜೌಗು ನೆಲಕ್ಕೆ ಕಸದಂತೆ ಸುರಿದರು.

ಕಿರ್ದಿ ಖಾತೆ ತೆಗೆದು ನೋಡೋಣ

ಆಯಿತು, ಸೌಂದರ್ಯದ ಮಾತು ಬಿಡಿ. ವ್ಯಾಪಾರದ ಮಾತನ್ನೇ ಆಡೋಣ. ಅಂಗಡಿ ಇಟ್ಟವರು ನೀವು. ಜಮಾ ಎಷ್ಟು, ಖರ್ಚೆಷ್ಟು, ನೋಡಿ ಹೇಳಿ.

ಮುಗಿಲು ಮಾರಿದ ಹಣದಿಂದ ಕಂಪನಿ ಉದ್ಧಾರವಾಯಿತೆ? ಇಲ್ಲ. ೧೯೬೮ರ ಫೆಬ್ರವರಿಯಲ್ಲಿ ಅದು ತನ್ನ ಪ್ರತಿಸ್ಪರ್ಧಿ ನ್ಯೂಯಾರ್ಕ್ ಸೆಂಟ್ರಲ್ ಜತೆ ಕೂಡಿ ಪೆನ್ ಸೆಂಟ್ರಲ್ ಎಂಬ ಹೆಸರಿನ ಒಂದೇ ಕಂಪನಿಯಾಯಿತು. ಎರಡೂವರೆ ವರ್ಷ ತುಂಬುವ ಮೊದಲೇ, ೧೯೭೦ರ ಜೂನಿನಲ್ಲಿ, ದಿವಾಳಿ ಎದ್ದಿತು. ಅಲ್ಲಿಯವರೆಗಿನ ಅಮೆರಿಕದ ಇತಿಹಾಸದಲ್ಲೇ ಅತಿ ದೊಡ್ಡ ದಿವಾಳಿ ಅದು! ೧೯೭೧ರಲ್ಲಿ ಪ್ರಯಾಣಿಕರ ರೈಲುಗಳನ್ನು ಓಡಿಸುವ ಹೊರೆ ಸರಕಾರ ಕಟ್ಟಿದ ಆಮ್‌ಟ್ರಾಕ್ ಸಂಸ್ಥೆಯ ಹೆಗಲಿಗೆ ಬಂತು. ಲಾಭ ಬಂದಾಗ ಅದು ಧಣಿಯದು, ನಷ್ಟ ಬಂದಾಗ ಪ್ರಜೆಯದು.

ಮೇಲೆ ಕೂತವರ ಗತಿ? ೧೯೮೨ರಲ್ಲಿ ಆ ರಾಜ್ಯದ ಶಾಸನಸಭೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಆಸ್ತಿ ತೆರಿಗೆಯನ್ನೇ ಮಾಫಿ ಮಾಡಿತು. ಜನರ ಸ್ಟೇಶನ್ ತೆರಿಗೆ ಕಟ್ಟುತ್ತ ಸವೆಯಿತು. ಅದರ ಹೆಣದ ಮೇಲೆ ಎದ್ದ ಆಟದ ಮನೆ ತೆರಿಗೆಯಿಲ್ಲದೆ ಬೆಳೆಯಿತು. ಪುರಸಭೆಯ ಕರ ಒಂದು ತಿಂಗಳು ತಡವಾದರೆ ನೋಟೀಸು ಪಡೆಯುವ ಸಣ್ಣ ವ್ಯಾಪಾರಿ ಇದನ್ನೊಮ್ಮೆ ನಿಧಾನವಾಗಿ ಓದಲಿ.

ಪ್ರಯಾಣಿಕನಿಗೆ ಸಿಕ್ಕಿದ್ದೇನು? ನೆಲಮಾಳಿಗೆ. ತಗ್ಗಿದ ಮಾಳಿಗೆ, ಇಕ್ಕಟ್ಟಾದ ಓಣಿ, ಬಿಸಿಲು ಕಾಣದ ನೆಲ. ೨೦೨೦ರ ಸಾಂಕ್ರಾಮಿಕಕ್ಕೆ ಮುಂಚೆ ದಿನಕ್ಕೆ ಆರು ಲಕ್ಷ ಜನ ಆ ನೆಲಮಾಳಿಗೆಯಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ನಡೆಯುತ್ತಿದ್ದರು. ಕ್ರೀಡಾ ಮಂದಿರಕ್ಕೆ ೧೯೬೩ರಲ್ಲಿ ಕೊಟ್ಟ ಐವತ್ತು ವರ್ಷದ ಅನುಮತಿ ೨೦೧೩ರಲ್ಲಿ ಮುಗಿಯಿತು. "ಇನ್ನಾದರೂ ಎದ್ದು ಹೋಗಿ" ಎಂದು ಜನ ಕೇಳಿದರು. ಹತ್ತು ವರ್ಷ ಮುಂದೂಡಿದರು. ೨೦೨೩ರಲ್ಲಿ ಮತ್ತೆ ಐದು ವರ್ಷ. ಮುಗಿಲನ್ನು ಮಾರುವುದು ಒಂದು ದಿನದ ಕೆಲಸ, ಬಿಡಿಸಿಕೊಳ್ಳುವುದು ಮೂರು ತಲೆಮಾರಿನ ಕೆಲಸ.

ಕೊನೆಗೆ ಪಕ್ಕದ ಬೀದಿಯ ಹಳೆಯ ಅಂಚೆ ಕಚೇರಿಯೊಳಗೆ ಹೊಸ ರೈಲು ಮಂದಿರವನ್ನು ಮಾಡಿ ೨೦೨೧ರ ಜನವರಿ ೧ರಂದು ತೆರೆದರು. ಅದಕ್ಕೆ ತಗುಲಿದ್ದು ೧೬೦ ಕೋಟಿ ಡಾಲರು. ಆ ಅಂಚೆ ಕಚೇರಿಯನ್ನು ಕಟ್ಟಿದವರು ಯಾರು? ಕೆಡವಿದ ಸ್ಟೇಶನ್ನನ್ನು ಕಟ್ಟಿದ ಅದೇ ಶಿಲ್ಪಿಗಳ ಸಂಸ್ಥೆ! ಇದ್ದದ್ದನ್ನು ಒಡೆದು, ಅದರಂಥದನ್ನೇ ಮತ್ತೆ ಹುಡುಕಿಕೊಂಡು ಹೋದರು. ಹೋದರೂ ಬುದ್ಧಿ ಬಂತೆ? ಗಾಜಿನ ಮಾಡು ಬಂತು, ಬೆಳಕು ಬಂತು. ಆದರೆ ಆ ವಿಶಾಲ ನಡುಮನೆಯಲ್ಲಿ ಕೂರಲು ಒಂದು ಬೆಂಚು ಇಲ್ಲದೆ ತೆರೆದರು. ತಿಕೀಟು ತೋರಿಸಿದವರಿಗೆ ಮಾತ್ರ ಬೇರೆ ಕೋಣೆ. ಮನೆಯಿಲ್ಲದವರು ಬಂದು ಕೂತಾರೆಂಬ ಭಯಕ್ಕೆ ಹೀಗೆ ಮಾಡಿದರೆಂದು ಅಲ್ಲಿನ ಜನರೇ ಟೀಕಿಸಿದರು. ಮುದುಕರು ನೆಲದ ಮೇಲೆ ಕುಕ್ಕರಿಸಿದರು. ಅರಮನೆಯನ್ನು ಮರಳಿ ತಂದವರು ಬೆಂಚನ್ನು ಮರೆತರು!

ಸರಕಾರದ ಸೊತ್ತಾದರೆ ಉಳಿಯುತ್ತಿತ್ತೆ?

"ಇದೆಲ್ಲ ಖಾಸಗಿ ಕಂಪನಿಯ ಪಾಪ. ರೈಲು ಸರಕಾರದ ಕೈಯಲ್ಲಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ನಮ್ಮವರೇ ಕೆಲವರು ಹೇಳಿಯಾರು. ಅವರು ಲಂಡನ್ನಿನ ಕಡೆ ತಿರುಗಿ ನೋಡಲಿ.

ಇಂಗ್ಲೆಂಡಿನ ರೈಲುಗಳು ೧೯೪೮ರ ಜನವರಿ ೧ರಂದು ರಾಷ್ಟ್ರದ ಸೊತ್ತಾದವು. ಲಂಡನ್ನಿನ ಯೂಸ್ಟನ್ ಸ್ಟೇಶನ್ನಿನ ಮುಂದೆ ೧೮೩೭ರಲ್ಲಿ ಕಟ್ಟಿದ, ಎಪ್ಪತ್ತು ಅಡಿ ಎತ್ತರದ ಕಲ್ಲಿನ ಮಹಾದ್ವಾರವಿತ್ತು. ರೈಲು ಯುಗದ ಹೆಬ್ಬಾಗಿಲೆಂದೇ ಅದನ್ನು ಜನ ಬಲ್ಲರು. ಹೊಸ ಸ್ಟೇಶನ್ ಕಟ್ಟಲು ಅದು ಅಡ್ಡವಾಯಿತಂತೆ. ಬೇರೆ ಕಡೆ ಎತ್ತಿಡಲು ಒಂದು ಲಕ್ಷ ತೊಂಬತ್ತು ಸಾವಿರ ಪೌಂಡು ಬೇಕು, ಕೆಡವಲು ಹನ್ನೆರಡು ಸಾವಿರ ಸಾಕು ಎಂದು ಸರಕಾರಿ ಲೆಕ್ಕಿಗರು ತಕ್ಕಡಿ ಹಿಡಿದರು. ೧೯೬೧ರ ಅಕ್ಟೋಬರಿನಲ್ಲಿ ಒಂದು ನಿಯೋಗ ಪ್ರಧಾನಿ ಮ್ಯಾಕ್‌ಮಿಲನ್ನರನ್ನು ಕಂಡು ಬೇಡಿಕೊಂಡಿತು. ಪ್ರಯೋಜನವಾಗಲಿಲ್ಲ. ಕೆಡವಲು ಗುತ್ತಿಗೆ ಹಿಡಿದವನಿಗೇ ಮನಸ್ಸು ಕರಗಿ, ಕಲ್ಲಿಗೆ ನಂಬರು ಹಾಕಿ ಜೋಪಾನ ಮಾಡುತ್ತೇನೆ, ಮತ್ತೆಲ್ಲಾದರೂ ಕಟ್ಟಿಕೊಳ್ಳಿ ಎಂದನಂತೆ. ಅದೂ ಬೇಡವಾಯಿತು. ೧೯೬೨ರ ಹೊತ್ತಿಗೆ ಮಹಾದ್ವಾರ ಮಾಯವಾಯಿತು. ಅದರ ಕಲ್ಲುಗಳಲ್ಲಿ ಬಹುಪಾಲನ್ನು ಲಂಡನ್ನಿನ ಪೂರ್ವಕ್ಕಿರುವ ಒಂದು ಕಾಲುವೆಯ ತಳದ ಹೊಂಡ ತುಂಬಲು ಸುರಿದಿದ್ದರು. ೧೯೯೪ರಲ್ಲಿ ಅಲ್ಲಿಯೇ ಅವು ಪತ್ತೆಯಾದವು.

ಅಂದು ಅಲ್ಲಿ ಅಧಿಕಾರದಲ್ಲಿದ್ದುದು ಕನ್ಸರ್ವೇಟಿವ್ ಪಕ್ಷ, ನಿಜ. ಆದರೆ ಆ ನೆಪ ಸಾಲದು. ಪತ್ರದಲ್ಲಿ 'ರಾಷ್ಟ್ರದ ಸೊತ್ತು' ಎಂದು ಬರೆದ ಮಾತ್ರಕ್ಕೆ ಸೊತ್ತು ಜನರ ಕೈಗೆ ಬರುವುದಿಲ್ಲ. ಧಣಿಯ ಕುರ್ಚಿಯಲ್ಲಿ ಸಾಹೇಬ ಬಂದು ಕೂತು, ಅದೇ ಲೆಕ್ಕಪುಸ್ತಕವನ್ನು ತೆರೆದರೆ, ಜನರ ಪಾಲಿಗೆ ಬದಲಾದದ್ದು ಬಾಗಿಲಿನ ಹೆಸರಿನ ಫಲಕ ಒಂದೇ. ಜನರದು ಎಂಬ ಮಾತಿಗೆ ಅರ್ಥ ಬರಬೇಕಾದರೆ, ಕೆಡಹುವ ಮೊದಲು ಜನರನ್ನು ಕೇಳುವ ಕಾಯದೆ ಬೇಕು. ಕೇಳದಿದ್ದರೆ ತಡೆಯುವ ಸಂಘಟನೆ ಬೇಕು.

ತಡೆಯಲು ಸಾಧ್ಯವೆಂಬುದಕ್ಕೂ ಸಾಕ್ಷಿಯುಂಟು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ನ್ಯೂಯಾರ್ಕ್ ನಗರ ೧೯೬೫ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಕಾಯದೆ ಮಾಡಿತು. ಅದೇ ಪೆನ್ ಸೆಂಟ್ರಲ್ ಕಂಪನಿ ೧೯೬೮ರಲ್ಲಿ, ತನ್ನದೇ ಆದ ಇನ್ನೊಂದು ಸ್ಟೇಶನ್ ಗ್ರ್ಯಾಂಡ್ ಸೆಂಟ್ರಲ್ಲಿನ ತಲೆಯ ಮೇಲೆ ಗೋಪುರ ಕಟ್ಟಲು ಹೊರಟಿತು. ಈ ಸಲ ನಗರ ತಡೆಯಿತು. ಕಂಪನಿ ಕೋರ್ಟು ಹತ್ತಿತು. ಹತ್ತು ವರ್ಷದ ಜಗಳ. ೧೯೭೮ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮೂವರು ನ್ಯಾಯಾಧೀಶರ ವಿರುದ್ಧ ಆರು ಮಂದಿಯ ಬಹುಮತದಿಂದ, ನಗರದ ಪರವಾಗಿ ತೀರ್ಪಿತ್ತಿತು. ಗ್ರ್ಯಾಂಡ್ ಸೆಂಟ್ರಲ್ ಇಂದಿಗೂ ನಿಂತಿದೆ. ಲಂಡನ್ನಿನಲ್ಲೂ ಯೂಸ್ಟನ್ನಿನ ಪಕ್ಕದ ಸೇಂಟ್ ಪ್ಯಾಂಕ್ರಸ್ ಸ್ಟೇಶನ್ನಿಗೆ ಅದೇ ಗತಿ ಕಾದಿತ್ತು; ಜನ ಎದ್ದು ನಿಂತರು, ೧೯೬೭ರಲ್ಲಿ ಅದಕ್ಕೆ ರಕ್ಷಣೆ ಸಿಕ್ಕಿತು. ೨೦೦೭ರಿಂದ ದೇಶಾಂತರದ ರೈಲುಗಳು ಅಲ್ಲಿಂದಲೇ ಹೊರಡುತ್ತಿವೆ. ಹಳೆಯ ಮಾಡಿನ ಕೆಳಗೆ ಹೊಸ ರೈಲು ಓಡದು ಎಂದವರು ಇದಕ್ಕೇನನ್ನುತ್ತಾರೆ?

ಜುಟ್ಟಿಗೆ ಮಲ್ಲಿಗೆಯೆ?

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಬೇಕೆ? ಕಂಬ ಕಮಾನು ಉಳ್ಳವರ ಶೋಕಿ, ಕೂಲಿಯವನಿಗೆ ಕೂಲಿ ಮುಖ್ಯ" ಎಂದು ಗೆಳೆಯರೊಬ್ಬರು ವಾದಿಸುತ್ತಾರೆ. ಕೂಲಿ ಮುಖ್ಯವೇ, ಅದನ್ನು ಅಲ್ಲವೆಂದವರಾರು? ಆದರೆ ಬಡವನಿಗೆ ಕೂಲಿ ಸಾಕು, ಬೆಳಕು ಬೇಡ, ಗಾಳಿ ಬೇಡ, ತಲೆಯೆತ್ತಿ ನೋಡಲು ಒಂದು ಎತ್ತರದ ಮಾಡು ಬೇಡ ಎಂಬ ವಾದ ಯಾರದು? ಅದು ಧಣಿಯ ವಾದ. ಸಾಲುಮನೆಗೆ ಕಿಟಕಿ ಇಡದೆ ಇಟ್ಟಿಗೆ ಉಳಿಸುವವನ ವಾದ. ಉಳ್ಳವನಿಗೆ ಮನೆಯಲ್ಲೇ ಅಂಗಳವುಂಟು, ತೋಟವುಂಟು. ಇಲ್ಲದವನಿಗೆ ಇರುವ ಅಂಗಳಗಳೆಂದರೆ ಸ್ಟೇಶನ್, ಸಂತೆಮಾಳ, ಗುಡಿಯ ಕಟ್ಟೆ, ಆಸ್ಪತ್ರೆಯ ಜಗಲಿ. ಅವನ್ನು ಕಸಿದರೆ ಕಸಿಸಿಕೊಳ್ಳುವವನು ಬಡವನೇ ಹೊರತು ಬಲ್ಲಿದನಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. 'ಅಮೃತ ಭಾರತ' ಎಂಬ ಯೋಜನೆಯಲ್ಲಿ ಸ್ಟೇಶನ್ನುಗಳನ್ನು ಹೊಸದು ಮಾಡಲು ೨೦೨೩ರ ಆಗಸ್ಟ್ ೬ರಂದು ಒಂದೇ ದಿನ ೫೦೮ ಕಡೆ, ೨೦೨೪ರ ಫೆಬ್ರವರಿ ೨೬ರಂದು ೫೫೩ ಕಡೆ ಅಡಿಗಲ್ಲು ಬಿತ್ತು. ೨೦೨೫ರ ಮೇ ೨೨ರಂದು ೧೦೩ ಸ್ಟೇಶನ್ನುಗಳ ಉದ್ಘಾಟನೆಯಾಯಿತು. ಅವುಗಳಲ್ಲಿ ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ ರೋಡ್, ಮುನಿರಾಬಾದ್ ಇದ್ದವು. ಲಿಫ್ಟು ಬರಲಿ, ಶೌಚಾಲಯ ಬರಲಿ, ಕುಡಿಯುವ ನೀರು ಬರಲಿ. ಬಾಣಂತಿಗೂ ಕುಂಟನಿಗೂ ಮೆಟ್ಟಿಲು ಹತ್ತುವ ಕಷ್ಟ ತಪ್ಪಲಿ. ಇವಕ್ಕೆ ವಿರೋಧ ಹೇಳುವವನು ಮೂರ್ಖ. ಆದರೆ ರೈಲ್ವೆಯ ಜಮೀನನ್ನು ವ್ಯಾಪಾರಕ್ಕೆ ಗುತ್ತಿಗೆ ಕೊಡಲೆಂದೇ ನಮ್ಮಲ್ಲಿಯೂ ಒಂದು ಪ್ರಾಧಿಕಾರವುಂಟೆಂಬುದನ್ನು ಮರೆಯಬೇಡಿ. ಮುಗಿಲಿಗೆ ಬೆಲೆ ಕಟ್ಟುವ ವಿದ್ಯೆ ನಮ್ಮವರಿಗೂ ಬಂದಿದೆ.

ಆದ್ದರಿಂದ, ಗೆಳೆಯರೇ, ನಿಮ್ಮ ಊರಿನ ಸ್ಟೇಶನ್ನಿನಲ್ಲಿ ಬಣ್ಣಬಣ್ಣದ ನಕ್ಷೆಯ ಫಲಕ ನಿಲ್ಲಿಸಿದ ದಿನ ಚಪ್ಪಾಳೆ ತಟ್ಟುವ ಮೊದಲು ಹತ್ತಿರ ಹೋಗಿ ನೋಡಿ. ಆ ನಕ್ಷೆಯಲ್ಲಿ ಹಮಾಲ ಎಲ್ಲಿ ನಿಂತಿದ್ದಾನೆ? ಚಹದ ಗಾಡಿಯವನಿಗೆ ಜಾಗ ಎಲ್ಲಿ? ಹಳೆಯ ಕಲ್ಲುಗೋಡೆ ಉಳಿಯುತ್ತದೆಯೆ, ಉಳಿಯದಿದ್ದರೆ ಹಾಗೆಂದು ತೀರ್ಮಾನಿಸಿದವರು ಯಾರು, ಯಾರನ್ನು ಕೇಳಿ? ಮೇಲಿನ ಅಂತಸ್ತು ಯಾರ ಪಾಲು, ಎಷ್ಟು ವರ್ಷಕ್ಕೆ? ರಾತ್ರಿ ಪಾಳಿ ಮುಗಿಸಿ ಬೆಳಗಿನ ಪ್ಯಾಸೆಂಜರಿಗೆ ಕಾಯುವವನು ಬೆನ್ನು ಚಾಚಲು ಬೆಂಚು ಇದೆಯೆ? ಉತ್ತರವನ್ನು ಬಾಯಲ್ಲಿ ಒಪ್ಪಬೇಡಿ, ಬರಹದಲ್ಲಿ ಕೇಳಿ. ಒಬ್ಬೊಬ್ಬರೇ ಕೇಳಬೇಡಿ, ಗಿರಣಿಯ ಸಂಘವೂ ಪೇಟೆಯ ಸಂಘವೂ ಕೂಡಿ ಕೇಳಿ.

ನ್ಯೂಯಾರ್ಕಿನ ಹತ್ತು ಕೋಟಿ ಪ್ರಯಾಣಿಕರಲ್ಲಿ ಇನ್ನೂರೇ ಜನ ಕೇಳಿದರು. ಅಷ್ಟು ಸಾಲದಾಯಿತು.